ಎಡಕ್ಕೆ ಸರಿದ ಮೂರು

“ಎಡಕ್ಕೆ ಅಂದ್ರೆ ಎಷ್ಟು ಎಡಕ್ಕೆ?”

ಜಿಗಣೆ ಸಾಹೇಬರ ದನಿ ಏರಲಿಲ್ಲ. ಅದು ಏರುವುದೇ ಇಲ್ಲ ಎಂಬುದು ಈ ಎರಡು ದಿನಗಳಲ್ಲಿ ಕಾರ್ಖಾನೆಗೆಲ್ಲ ಗೊತ್ತಾಗಿತ್ತು. ಹಿಡಿದ ಪ್ರಶ್ನೆಯನ್ನು ರಕ್ತ ಬರುವ ತನಕ ಬಿಡದ ಈ ತನಿಖಾಧಿಕಾರಿಗೆ ಆ ಹೆಸರಿಟ್ಟವರು ಯಾರೋ, ಈಗ ಅವರ ಎದುರಿಗೂ ಅದು ಬಾಯಿ ತಪ್ಪಿ ಬಂದುಬಿಡುತ್ತಿತ್ತು.

ವಾಲ್ವ್ ಮೇಸ್ತ್ರಿ ಹಣೆ ಒರೆಸಿಕೊಂಡ. ಬಾಯ್ಲರ್ ಆರಿಸಿ ತಣ್ಣಗಾಗಿದ್ದ ಕೋಣೆಯಲ್ಲಿ ಬೆವರುವುದಕ್ಕೆ ಬೇರೆ ಕಾರಣವಿರಲಿಲ್ಲ.

“ಒಂದು ಗೇಣು ಸಾರ್,” ಎಂದು ಬೆರಳು ಚಾಚಿ ತೋರಿಸಿದ. “ಯಾವತ್ತೂ ಅಂಕಿ ಪ್ಯಾನೆಲ್‌ನ ನಟ್ಟನಡುವೆ ಬರುತ್ತೆ. ಅವತ್ತು ಮೂರು ಎಡಕ್ಕೆ ಸರ್ಕೊಂಡು ನಿಂತಿತ್ತು. ಪಕ್ಕದಲ್ಲಿ ಯಾರೋ ಬಂದು ಕೂರ್ತಾರೆ ಅಂತ ಜಾಗ ಬಿಟ್ಟ ಹಾಗೆ.”

“ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಏನು ಬಂತು ಅಂತ ಕೇಳಿದ್ರು, ಮೂರು ಬಂತು ಅಂದೆ. ಎಲ್ಲಿ ಬಂತು ಅಂತ ಕೇಳ್ಲಿಲ್ಲ.”

ಗುಬ್ಬಿ ಗೋಡೆಗೆ ಒರಗಿ ನಿಂತಿದ್ದಳು. ಮೈಕಟ್ಟು ಸಣ್ಣದೆಂದು ಅಕ್ಕ ಕರೆದ ಹೆಸರು, ಅಕ್ಕನ ಗಂಡನ ಬಾಯಿಂದ ಕಾರ್ಖಾನೆಗೂ ಹಬ್ಬಿತ್ತು. ಮಹಡಿಯ ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತು ಬಣ್ಣದ ತೊಟ್ಟಿಗಳಿಗೆ ಉಗಿ ಯಾವಾಗ ಬೇಕೆಂದು ಕೆಳಗೆ ತಿಳಿಸುವುದು ಅವಳ ಕೆಲಸ. ಬಾಯ್ಲರ್ ಕೋಣೆಯ ಗದ್ದಲದಲ್ಲಿ ಫೋನು ಕೇಳಿಸದು. ಅವಳು ಟೈಪ್ ಮಾಡಿದ್ದು ಗೋಡೆಯ ಪ್ಯಾನೆಲ್ ಮೇಲೆ ಮೂಡುತ್ತದೆ. ಬರೀ ಅಂಕಿ ಬಂದರೆ ಆ ಅಂಕಿಯ ವಾಲ್ವ್ ತೆರೆ ಎಂದು ಅರ್ಥ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಕೆಲಸ ಕಲಿಯುವವರು ಮೊದಲ ದಿನವೇ ಕಲಿಯುವುದು ಇದನ್ನು.

ಮೊನ್ನೆ ಬೆಳಿಗ್ಗೆ ಮೂರನೇ ತೊಟ್ಟಿಯೊಳಗೆ ತೊಳೆಯುವವನು ಇಳಿದಿದ್ದಾನೆಂದು ತಿಳಿದ ಕೂಡಲೇ ಅವಳು ಅಂಕಿಯ ಜೊತೆಗೆ ಮಾತನ್ನೂ ಕಳಿಸಿದ್ದಳು: 3 ತೆರೆಯಬೇಡಿ ಒಳಗೆ ಜನ ಇದ್ದಾರೆ.

ಮೇಸ್ತ್ರಿ ಮೂರನೇ ವಾಲ್ವ್ ತೆರೆದ.

ತೊಳೆಯುವವನು ಆಸ್ಪತ್ರೆಯಲ್ಲಿದ್ದಾನೆ. ಮೈತುಂಬ ಬ್ಯಾಂಡೇಜು, ಇನ್ನೂ ಮಾತಿಲ್ಲ. ಮಾತು ಕಳಿಸಿದೆ ಎಂದು ಇವಳು, ಅಂಕಿ ಮಾತ್ರ ಬಂತು ಎಂದು ಮೇಸ್ತ್ರಿ. ಹೊಸ ಸಂದೇಶ ಬಂದರೆ ಹಳೆಯದು ಅಳಿಸಿಹೋಗುವ ಯಂತ್ರದಲ್ಲಿ ಸಾಕ್ಷಿಯೂ ಇಲ್ಲ. ಜಿಗಣೆ ಸಾಹೇಬರ ವರದಿ ಇವತ್ತು ಸಂಜೆಯೊಳಗೆ ಹೋಗಬೇಕು. ಅದನ್ನು ಕಾಯುತ್ತ ಪೊಲೀಸ್ ಜೀಪು ಗೇಟಿನ ಬಳಿ ನಿಂತಿತ್ತು. ಅದರ ಹಿಂದಿನ ಸೀಟು ಖಾಲಿ ಇದ್ದುದನ್ನು ಗುಬ್ಬಿ ಒಳಗೆ ಬರುವಾಗಲೇ ನೋಡಿಕೊಂಡಿದ್ದಳು.

“ಸಾರ್, ಲ್ಯಾಪ್‌ಟಾಪ್ ರೆಡಿ,” ಎಂದರು ಭಾವ.

ಅಕ್ಕನ ಗಂಡನೇ ಕಾರ್ಖಾನೆಯ ಎಲೆಕ್ಟ್ರಿಷಿಯನ್. ಅವಳಿಗೆ ಈ ಕೆಲಸ ಕೊಡಿಸಿದವರೂ ಅವರೇ, ತಮ್ಮ ಮನೆಯಲ್ಲಿ ಅವಳಿಗೊಂದು ಕೋಣೆ ಕೊಟ್ಟವರೂ ಅವರೇ. ಬೋರಲು ಹಾಕಿದ ಡ್ರಮ್ಮಿನ ಮೇಲೆ ಪ್ರೋಗ್ರಾಮರ್‌ನ ಲ್ಯಾಪ್‌ಟಾಪ್ ಇಟ್ಟು, ಅಲ್ಲಿಂದ ಗೋಡೆಯ ಪ್ಯಾನೆಲ್‌ಗೆ ತಂತಿ ಎಳೆದಿದ್ದರು. ತಂತಿ ಸಾಲದೆ ನಡುವೆ ಒಂದು ತುಂಡು ಸೇರಿಸಿ, ಹಳದಿ ಟೇಪು ಸುತ್ತಿ, ಟೇಪಿನ ತುದಿಯನ್ನು ಮೂಲೆಗೆ ಮಡಿಸಿ ಬಿಟ್ಟರು. ಮತ್ತೆ ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು.

“ಮುಖ ನೋಡು, ಹಿಂಡಿದ ಬಟ್ಟೆ ಆಗಿದೆ,” ಎಂದು ಅವಳಿಗೆ ಮಾತ್ರ ಕೇಳುವಂತೆ ಅಂದರು. “ಏನೂ ಆಗಲ್ಲ ಕಣೇ. ನಿನ್ನ ಅಕ್ಕ ಬೆಳಿಗ್ಗೆಯಿಂದ ಎಷ್ಟು ಸಲ ಫೋನ್ ಮಾಡಿದಾಳೆ ಗೊತ್ತಾ? ನನ್ನ ಮದುವೆ ಆದಾಗಲೂ ಅಷ್ಟು ಗಾಬರಿ ಆಗಿರಲಿಲ್ಲ.”

ಗುಬ್ಬಿಗೆ ನಗು ಬರಲಿಲ್ಲ. ಆದರೂ ಗೋಡೆಯ ಆಸರೆ ಬಿಟ್ಟು ನೆಟ್ಟಗೆ ನಿಂತಳು.

ಜಿಗಣೆ ಸಾಹೇಬರು ಪ್ರೋಗ್ರಾಮರ್ ಕಡೆ ತಿರುಗಿದರು. ಹೊರಗಿನ ಕಂಪನಿಯವನು, ಇಸ್ತ್ರಿ ಮುರಿಯದ ಅಂಗಿ. ಮಸಿ ತಾಗೀತೆಂದು ಬಂದಾಗಿನಿಂದ ಕೋಣೆಯ ನಡುವೆಯೇ ನಿಂತಿದ್ದ.

“ನಿನ್ನೆ ಇಡೀ ದಿನ ನಿಮ್ಮ ಪ್ರೋಗ್ರಾಂ ಓದಿದೆ. ಪ್ಯಾನೆಲ್ ಒಳಗೆ ಒಂದು ಜರಡಿ ಇಟ್ಟಿದೀರಿ. ಅದೇನು ಮಾಡುತ್ತೆ?”

“ಕಸ ತೆಗೆಯುತ್ತೆ ಸಾರ್. ಇಲ್ಲಿ ದೊಡ್ಡ ಮೋಟಾರು ಶುರುವಾದಾಗಲೆಲ್ಲ ತಂತಿಯಲ್ಲಿ ಏನೇನೋ ನುಗ್ಗುತ್ತೆ. ಪ್ಯಾನೆಲ್ ಮೇಲೆ ಚುಕ್ಕಿ, ಗೀಟು ಬರ್ತಿತ್ತು. ಅಕ್ಷರ ಅಂದ್ರೆ ಯಂತ್ರಕ್ಕೆ ಸಂಖ್ಯೆ ತಾನೇ? ಮೂವತ್ತೆರಡಕ್ಕಿಂತ ಕಡಿಮೆ ಬಂದ್ರೆ ಅದು ಅಕ್ಷರ ಆಗಿರಲ್ಲ, ಬಿಸಾಡು ಅಂತ ಬರೆದಿದೀನಿ. ಎಲ್ಲರೂ ಹಾಗೇ ಬರೀತಾರೆ.”

“ಮೂವತ್ತೆರಡು ಅಂದ್ರೆ?”

“ಖಾಲಿ ಜಾಗ. ಪದ ಪದದ ನಡುವೆ ಬಿಡ್ತೀವಲ್ಲ, ಅದು. ಅಂಕಿ, ಇಂಗ್ಲಿಷ್ ಅಕ್ಷರ ಎಲ್ಲಾ ಅದರಿಂದ ಮೇಲೆ, ನೂರ ಇಪ್ಪತ್ತೇಳರ ಒಳಗೆ.”

“ನಮ್ಮ ಅಕ್ಷರ?”

“ಅವು ಅದರಾಚೆ. ಒಂದು ಅಕ್ಷರಕ್ಕೆ ಮೂರು ಸಂಖ್ಯೆ, ಗುಣಿತ ಒತ್ತು ಬಂದ್ರೆ ಇನ್ನೂ ಜಾಸ್ತಿ. ಶುರುವಾಗೋದೇ 224ರಿಂದ.”

“ಹಾಗಾದ್ರೆ ಹೇಳಿ. 224 ಮೂವತ್ತೆರಡಕ್ಕಿಂತ ಕಡಿಮೆಯೋ ಜಾಸ್ತಿಯೋ?”

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ನಕ್ಕರು. “ಏನ್ ಸಾಹೇಬ್ರೇ ಇದು, ಒಂದನೇ ಕ್ಲಾಸಿನ ಲೆಕ್ಕ ಕೇಳ್ತಿದೀರಿ!”

ಪ್ರೋಗ್ರಾಮರ್ ನಗಲಿಲ್ಲ. ಅವನ ಕೈ ತಾನಾಗಿ ಕತ್ತಿನ ಪಟ್ಟಿಗೆ ಹೋಯಿತು.

“ಅದು… ಯಂತ್ರದ ಮೇಲೆ ಹೋಗುತ್ತೆ ಸಾರ್.”

“ಜೋರಾಗಿ ಹೇಳಿ. ಮ್ಯಾನೇಜರ್ ಸಾಹೇಬ್ರೂ ಕೇಳಲಿ.”

“ಸಿ ಭಾಷೆಯಲ್ಲಿ ಅಕ್ಷರ ಇಡೋ ಡಬ್ಬಿಗೆ ಚಾರ್ ಅಂತಾರೆ. ಆ ಡಬ್ಬೀಲಿ ಮೈನಸ್ ಸಂಖ್ಯೆ ಇರಬಹುದಾ, ಇರಬಾರದಾ ಅಂತ ಭಾಷೆ ಗಟ್ಟಿಯಾಗಿ ಹೇಳಿಲ್ಲ. ಪ್ರೋಗ್ರಾಂನ ಯಂತ್ರದ ಭಾಷೆಗೆ ತಿರುಗಿಸೋ ಕಂಪೈಲರ್‌ಗೆ ಬಿಟ್ಟಿದೆ. ಹೊಸ ಪ್ಯಾನೆಲ್ ಬೋರ್ಡುಗಳಲ್ಲಿ ಮೊಬೈಲ್ ಜಾತಿಯ ಚಿಪ್ಪು. ಅಲ್ಲಿ ಮೈನಸ್ ಇಲ್ಲ, 224 ಅಂದ್ರೆ 224. ಹಳೆ ಬೋರ್ಡುಗಳಲ್ಲಿ ಮೇಜಿನ ಕಂಪ್ಯೂಟರ್ ಜಾತಿದು. ಅಲ್ಲಿ ಅದೇ ಡಬ್ಬಿನ…” ಅವನು ಗೋಡೆಯ ಪ್ಯಾನೆಲ್ ಕಡೆ ನೋಡಿದ. “ಮೈನಸ್ ಮೂವತ್ತೆರಡು ಅಂತ ಓದುತ್ತೆ.”

“ಮೈನಸ್ ಮೂವತ್ತೆರಡು ಕಡಿಮೆಯೋ ಜಾಸ್ತಿಯೋ?”

“ಕಡಿಮೆ.”

“ಕಡಿಮೆ ಬಂದ್ರೆ?”

“ಬಿಸಾಡುತ್ತೆ.”

ಮೇಲಿನ ಕೊಳವೆಯೊಂದರಿಂದ ನೀರು ತೊಟ್ಟಿಕ್ಕುವುದು ಮಾತ್ರ ಕೇಳಿಸುತ್ತಿತ್ತು.

“ಅಂದ್ರೆ ನಮ್ಮ ಅಕ್ಷರ ಪೂರ್ತಿ ಕಸ,” ಎಂದರು ಜಿಗಣೆ ಸಾಹೇಬರು. “ಅಂಕಿ ಉಳಿಯುತ್ತೆ. ನಡುವಿನ ಖಾಲಿ ಜಾಗ ಉಳಿಯುತ್ತೆ. ಇದನ್ನ ತಡೆಯೋಕೆ ನೀವೇನು ಮಾಡಬೇಕಿತ್ತು?”

“ಮೈನಸ್ ಬೇಡ ಅನ್ನೋ ಒಂದು ಪದ ಸೇರಿಸಬೇಕಿತ್ತು. ಅನ್‌ಸೈನ್ಡ್ ಅಂತ. ಆಗ ಎಲ್ಲಾ ಯಂತ್ರಾನೂ ಒಂದೇ ಥರ ಓದ್ತಿತ್ತು.” ಅವನ ದನಿ ಇಳಿಯಿತು. “ನನ್ನ ಮೇಜಿನ ಮೇಲೆ ಹೊಸ ಬೋರ್ಡು ಇತ್ತು ಸಾರ್. ಅದರಲ್ಲಿ ಚೆನ್ನಾಗೇ ಬಂತು.”

ಗುಬ್ಬಿ ತನ್ನ ಮಾತನ್ನು ಮನಸ್ಸಿನಲ್ಲೇ ಎಣಿಸಿದಳು. ಮೂರು. ತೆರೆಯಬೇಡಿ. ಒಳಗೆ. ಜನ. ಇದ್ದಾರೆ. ನಾಲ್ಕು ಪದ ಅಳಿಸಿದರೆ ಮೂರರ ಬಲಕ್ಕೆ ನಾಲ್ಕು ಖಾಲಿ ಜಾಗ. ನಡುವಿಗೆ ಹೊಂದಿಸುವ ಪ್ಯಾನೆಲ್ ಆ ಖಾಲಿಯನ್ನೂ ಸೇರಿಸಿಯೇ ಅಳೆದಿರುತ್ತದೆ. ಮೂರು ಎಡಕ್ಕೆ ಸರಿದು ನಿಂತದ್ದು ಅದಕ್ಕೇ. ಅವಳು ಕಳಿಸಿದ ಮಾತು ಬಂದಿತ್ತು. ಬರೀ ಅದರ ಗುರುತು ಉಳಿದಿತ್ತು.

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

“ಕಥೆ ಚೆನ್ನಾಗಿದೆ,” ಎಂದರು ಮ್ಯಾನೇಜರ್. “ಆದ್ರೆ ನಮ್ಮಲ್ಲಿ ಹಳೆ ಬೋರ್ಡು ಎಲ್ಲಿದೆ? ಆರು ಪ್ಯಾನೆಲ್, ಆರಕ್ಕೂ ಹೊಸ ಬೋರ್ಡು ತರಿಸಿದೀವಿ. ಹೋದ ತಿಂಗಳೇ ಹಾಕಿಸಿ ಆಯ್ತು. ಕೇಳಿ ಇವರನ್ನೇ.”

ಭಾವ ತಲೆಯಾಡಿಸಿದರು. “ಹೌದು ಸಾರ್.”

“ನೋಡೇ ಬಿಡೋಣ,” ಎಂದು ಜಿಗಣೆ ಸಾಹೇಬರು ಗುಬ್ಬಿಯನ್ನು ಕರೆದರು. “ಬಾಮ್ಮ. ಮೊದಲು ಮೂರು ಒತ್ತಿ, ನಾಲ್ಕು ಸಲ ಖಾಲಿ ಒತ್ತು.”

ಒತ್ತಿದಳು. ಗೋಡೆಯ ಮೇಲೆ ಕೆಂಪು ಅಂಕಿ ಹೊತ್ತಿಕೊಂಡಿತು. ನಡುವಿಗಿಂತ ಎಡಕ್ಕೆ, ಒಂದು ಗೇಣು.

“ಇದೇ!” ಮೇಸ್ತ್ರಿ ಕೂಗಿಯೇಬಿಟ್ಟ. “ಹೀಗೇ ಇತ್ತು ಸಾರ್, ನನ್ನ ಮಕ್ಕಳಾಣೆ ಹೀಗೇ ಇತ್ತು!”

“ಈಗ ಅವತ್ತು ಕಳಿಸಿದ್ದನ್ನೇ ಕಳಿಸು. ಒಂದಕ್ಷರ ಆಚೀಚೆ ಆಗಬಾರದು.”

ಗುಬ್ಬಿ ಟೈಪ್ ಮಾಡತೊಡಗಿದಳು. ತೆರೆಯಬೇಡಿ ಎಂಬಲ್ಲಿ ಎರಡು ಸಲ ತಪ್ಪಿ, ಅಳಿಸಿ, ಮತ್ತೆ ಒತ್ತಿದಳು. ಕಳಿಸುವ ಗುಂಡಿ ಒತ್ತಿ ತಲೆ ಎತ್ತಿದಳು.

ಪ್ಯಾನೆಲ್ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಮೂಡಿತು.

3 ತೆರೆಯಬೇಡಿ ಒಳಗೆ ಜನ ಇದ್ದಾರೆ.

ಒತ್ತು, ದೀರ್ಘ ಒಂದೂ ಬಿಡದೆ ಅಚ್ಚು ಹಾಕಿದ ಹಾಗೆ, ಗೋಡೆಯ ಈ ತುದಿಯಿಂದ ಆ ತುದಿಗೆ.

ಗುಬ್ಬಿ ಡ್ರಮ್ಮನ್ನು ಹಿಡಿದುಕೊಂಡಳು. ಅವಳನ್ನು ಉಳಿಸಬೇಕಿದ್ದ ಗೋಡೆಯೇ ಈಗ ಅವಳಿಗೆ ಎದುರು ನಿಂತಿತ್ತು.

“ಮುಗೀತಲ್ಲ?” ಮ್ಯಾನೇಜರ್ ಕೈ ಕೊಡವಿದರು. “ಪ್ಯಾನೆಲ್ ಎಲ್ಲಾ ಓದುತ್ತೆ. ಈ ಹುಡುಗಿ ಮೂರು ಒತ್ತಿ, ಕೈ ಜಾರಿ ನಾಲ್ಕು ಸಲ ಖಾಲಿ ಒತ್ತಿದಾಳೆ. ಆಮೇಲೆ ಕಥೆ ಕಟ್ಟಿದಾಳೆ. ಜೀಪಿನವರಿಗೆ ಹೇಳಿ ಕಳಿಸ್ಲಾ?”

“ನಾನು ಕಳಿಸಿದ್ದೆ ಸಾರ್,” ಎಂದಳು ಗುಬ್ಬಿ. ಮಾತು ಪಿಸುಗುಟ್ಟಿದಂತೆ ಬಂತು. “ಇದನ್ನೇ ಕಳಿಸಿದ್ದೆ.”

ಜಿಗಣೆ ಸಾಹೇಬರು ಪ್ಯಾನೆಲ್ ಕೆಳಗೆ ಹೋಗಿ, ಕತ್ತು ಮೇಲೆತ್ತಿ ನಿಂತರು. ಗೋಡೆಯ ಮೇಲೆ ಬೆರಳೆಳೆದು ನೋಡಿಕೊಂಡರು. ಬೆರಳ ತುದಿ ಕಪ್ಪಾಗಿತ್ತು.

“ಅಪಘಾತ ಆದ ಮೇಲೆ ಈ ಕೋಣೆಗೆ ಯಾರು ಬಂದಿದ್ರು?”

“ಯಾರೂ ಇಲ್ಲ,” ಎಂದರು ಮ್ಯಾನೇಜರ್. “ಪೆಟ್ಟಾದವನನ್ನ ಹೊತ್ತುಕೊಂಡು ಎಲ್ಲಾ ಹೊರಗೆ ಓಡಿದ್ವಿ. ಕರೆಂಟ್ ತೆಗೆಯೋಕೆ ಎಲೆಕ್ಟ್ರಿಷಿಯನ್ ಒಬ್ಬರೇ ಉಳಿದಿದ್ರು. ಮಧ್ಯಾಹ್ನ ನಾನೇ ಬೀಗ ಹಾಕಿದೆ. ಬೀಗದ ಕೈ ನನ್ನ ಹತ್ರಾನೇ ಇದೆ.”

“ಈ ಕೋಣೆಯಲ್ಲಿ ಮಸಿ ಹಿಡಿಯದ ವಸ್ತು ಏನಾದ್ರೂ ಇದ್ರೆ ತೋರಿಸಿ, ಮ್ಯಾನೇಜರೇ.”

“ಇಲ್ಲೆಲ್ಲಿ ಸಿಗುತ್ತೆ? ನನ್ನ ಮುಖವೇ ಸಂಜೆ ಹೊತ್ತಿಗೆ ಕಪ್ಪಾಗಿರುತ್ತೆ.”

“ಆ ಪ್ಯಾನೆಲ್‌ನ ತಿರುಪುಗಳನ್ನ ನೋಡಿ. ಹೋದ ತಿಂಗಳು ಹಾಕಿದವಂತೆ. ಹೊಳೀತಿವೆ.” ಅವರು ಕೈ ಚಾಚಿದರು. “ಏಣಿ ಕೊಡಿ. ತಿರುಪುಳಿನೂ ಕೊಡಿ.”

“ಕರೆಂಟ್ ಇದೆ ಸಾರ್,” ಎಂದರು ಭಾವ, ತುಸು ಬೇಗ. “ನಾಳೆ ನಾನೇ ಬಿಚ್ಚಿ ಕೆಳಗೆ ಇಳಿಸಿಕೊಡ್ತೀನಿ. ನೀವ್ಯಾಕೆ ಹತ್ತೋದು?”

“ನಾಳೆ ನನಗೆ ಬೇರೆಯವರ ರಕ್ತ ಹೀರೋದಿದೆ. ಈಗಲೇ ಮೇನ್ ತೆಗೀರಿ.”

ಅವರು ತಮ್ಮ ಅಡ್ಡ ಹೆಸರಿಗೆ ತಾವೇ ಹಾಸ್ಯ ಮಾಡಿದ್ದು ಇದೇ ಮೊದಲು.

ಏಣಿಯ ಪಕ್ಕದ ಗೋಡೆಯಲ್ಲೇ ಮೇನ್ ಸ್ವಿಚ್ಚು. ಭಾವ ಅದನ್ನು ಕೆಳಕ್ಕೆಳೆದರು. ಪ್ಯಾನೆಲ್ ಆರಿತು. ಜಿಗಣೆ ಸಾಹೇಬರು ಏಣಿ ಹತ್ತಿದರು, ಭಾವ ಕೆಳಗೆ ಎರಡೂ ಕೈಯಲ್ಲಿ ಏಣಿ ಹಿಡಿದರು. ಸಾಹೇಬರು ಒಂದೊಂದೇ ತಿರುಪು ಬಿಚ್ಚಿ, ಮುಚ್ಚಳ ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟರು.

ಗುಬ್ಬಿ ನಿಂತಲ್ಲಿಂದಲೇ ಒಳಗೆಲ್ಲ ಕಾಣುತ್ತಿತ್ತು. ಪೆಟ್ಟಿಗೆಯ ಮೂಲೆಮೂಲೆಗೂ ಮಸಿ ಉಣ್ಣೆಯ ಹಾಗೆ ಮೆತ್ತಿಕೊಂಡಿತ್ತು. ನಡುವೆ ಒಂದು ಹಸಿರು ಬೋರ್ಡು, ಆಗತಾನೇ ತೊಳೆದಿಟ್ಟ ತಟ್ಟೆಯಂತೆ.

“ಪ್ರೋಗ್ರಾಮರೇ, ಇದು ಒಂದು ತಿಂಗಳು ಇಲ್ಲಿತ್ತು ಅಂತ ಬರೆದುಕೊಡ್ತೀರಾ?”

“ಇಲ್ಲ ಸಾರ್.” ಅವನು ಅಂಗಿಯ ಯೋಚನೆ ಬಿಟ್ಟು ಏಣಿಯ ಹತ್ತಿರ ಬಂದಿದ್ದ. “ಇದಕ್ಕೆ ಎರಡು ದಿನದ ಧೂಳೂ ಇಲ್ಲ.”

“ಅಂದ್ರೆ ಅವತ್ತು ಇಲ್ಲಿದ್ದಿದ್ದು ಹಳೇದು. ಜನ ಹೊರಗೆ ಓಡಿದ ಮೇಲೆ ಯಾರೋ ಬದಲಾಯಿಸಿದಾರೆ.” ಸಾಹೇಬರು ಒಳಗೆ ಬಗ್ಗಿದರು. “ಅವಸರದ ಕೆಲಸ. ಪ್ಲಗ್ ಕೂರದೆ ಕರೆಂಟ್ ತಂತಿ ಕತ್ತರಿಸಿ ಹೆಣೆದಿದಾರೆ. ಆದ್ರೂ ಒಳ್ಳೆ ಕೈ. ಟೇಪು ನೋಡಿ, ಎಷ್ಟು ಅಚ್ಚುಕಟ್ಟು.”

ಹಳದಿ ಟೇಪು. ತುದಿ ಮೂಲೆಗೆ ಮಡಿಸಿತ್ತು.

ಗುಬ್ಬಿಗೆ ಆ ಮಡಿಕೆಯ ಗುರುತು ಸಿಕ್ಕಿತು. ಮನೆಯ ಇಸ್ತ್ರಿಪೆಟ್ಟಿಗೆಯ ತಂತಿಗೆ ಆ ಮಡಿಕೆ ಇದೆ. ಮಿಕ್ಸಿಗೆ ಇದೆ. ಬಚ್ಚಲಿನ ದೀಪಕ್ಕೂ ಇದೆ. “ಟೇಪಿಗೂ ಕಿವಿ ಇಡ್ತಾರೆ ನಿನ್ನ ಭಾವ,” ಎಂದು ಅಕ್ಕ ಹಾಸ್ಯ ಮಾಡುತ್ತಾಳೆ. “ಅದಾದ್ರೂ ಅವರ ಮಾತು ಕೇಳಲಿ ಅಂತ. ಈ ಮನೇಲಿ ಬೇರೆ ಯಾರು ಕೇಳ್ತಾರೆ?”

ಮರೆತದ್ದೆಲ್ಲ ಒಂದರ ಹಿಂದೊಂದು ನುಗ್ಗಿ ಬಂತು. ಹೋದ ತಿಂಗಳು ಊಟಕ್ಕೆ ಕೂತಾಗ ಭಾವ ಆಡಿದ ಮಾತು: “ಐದು ಬೋರ್ಡು ಹಾಕಿದೆ. ಆ ಬಾಯ್ಲರ್ ಕುಲುಮೆಯೊಳಗೆ ಏಣಿ ಹತ್ತೋನು ಯಾವನು? ಅಲ್ಲಿ ಬರೋದು ಬರೀ ಅಂಕಿ ತಾನೇ, ಹಳೇದೇ ಇರಲಿ.” ಅಂದಿನಿಂದ ಅಕ್ಕನ ಬೀರುವಿನ ಮೇಲೆ ಕೂತಿದ್ದ, ಉಳಿದೊಂದು ಬೋರ್ಡಿನ ರಟ್ಟಿನ ಪೆಟ್ಟಿಗೆ. ಅದರ ಮೇಲೇ ಇಸ್ತ್ರಿಪೆಟ್ಟಿಗೆ ಇಡುತ್ತಿದ್ದಳು ಅಕ್ಕ. ಮೊನ್ನೆ ಸಂಜೆ ಅತ್ತು ಅತ್ತು ಮನೆಗೆ ಹೋದಾಗ ಇಸ್ತ್ರಿಪೆಟ್ಟಿಗೆ ನೆಲದ ಮೇಲಿತ್ತು, ರಟ್ಟಿನ ಪೆಟ್ಟಿಗೆ ಇರಲಿಲ್ಲ. ಆಗ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಭಾವ ಅವತ್ತು ಬೆಳಿಗ್ಗೆ ಕರೆಂಟ್ ತೆಗೆಯಲು ಉಳಿದಿದ್ದರು. ಮನೆ ಇರುವುದು ಗೇಟಿನ ಎದುರು ರಸ್ತೆಯಲ್ಲೇ.

ಅವಳು ನಿಜ ಹೇಳುತ್ತಿದ್ದಾಳೆಂದು ಭಾವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

“ಈ ಮೂಲೆ ಮಡಿಸೋ ಅಭ್ಯಾಸ ಯಾರದು?” ಸಾಹೇಬರು ಮೇಲಿನಿಂದ ಕೇಳಿದರು. ಅವರ ಬೆನ್ನು ಕೋಣೆಗೆ, ಎರಡೂ ಕೈ ಪೆಟ್ಟಿಗೆಯೊಳಗೆ. ಹಳದಿ ಕಿವಿಯನ್ನು ಉಗುರಿನಿಂದ ಹಿಡಿದು ಟೇಪು ಬಿಡಿಸತೊಡಗಿದ್ದರು. ಒಳಗಿನ ತಾಮ್ರ ಮಿಂಚಿತು.

ಮ್ಯಾನೇಜರ್‌ಗೆ ಟೇಪಿನ ವಿಷಯ ಗೊತ್ತಿಲ್ಲ. ಮೇಸ್ತ್ರಿ ಮುಚ್ಚಳ ಹಿಡಿದು ಪಿಳಿಪಿಳಿ ನೋಡುತ್ತಿದ್ದ.

ಗುಬ್ಬಿಯ ಕಣ್ಣು ನೆಲಕ್ಕೆ ಹೋಯಿತು. ಲ್ಯಾಪ್‌ಟಾಪ್‌ನಿಂದ ಬಂದ ತಂತಿ ಏಣಿಯ ಬುಡದಲ್ಲೇ ಹಾದುಹೋಗಿತ್ತು. ಅದರ ನಡುವಿನ ಜೋಡಣೆ, ಹಳದಿ ಟೇಪು, ಮಡಿಸಿದ ಮೂಲೆ. ಯಾರಾದರೂ ಒಂದು ಸಲ ಬಗ್ಗಿ ನೋಡಿದರೆ ಸಾಕಿತ್ತು.

ಭಾವನೂ ಅದನ್ನೇ ನೋಡುತ್ತಿದ್ದರು. ಅವರ ಬೂಟು ಮೆಲ್ಲಗೆ ಮುಂದೆ ಬಂದು ಅದನ್ನು ಮುಚ್ಚಿತು. ಆಮೇಲೆ ಅವರು ತಲೆ ಎತ್ತಿ ಅವಳನ್ನು ನೋಡಿದರು. ಗದರಿಕೆಯ ನೋಟವಾಗಿದ್ದರೆ ಅವಳು ಕೂಗಿಬಿಡುತ್ತಿದ್ದಳೇನೋ. ಅದು ಅಕ್ಕನ ಮದುವೆಯಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಮನುಷ್ಯನ ಮುಖ. ತುಟಿ ಮಾತ್ರ ಅಲುಗಿತು.

“ನಿನ್ನ ಅಕ್ಕ.”

“ಗುಬ್ಬೀ,” ಎಂದರು ಸಾಹೇಬರು, ತಿರುಗದೆ. “ಅವತ್ತಿಂದ ನೀನು ನಿಜಾನೇ ಹೇಳ್ತಾ ಬಂದಿದೀಯ. ಇದನ್ನೂ ನೀನೇ ಹೇಳು. ಯಾರ ಕೈ ಇದು?”

ಅವಳು ಬಾಯಿ ತೆರೆದಳು. ಹೊರಗೆ ಜೀಪಿನ ಬಾಗಿಲು ಬಡಿದ ಸದ್ದಾಯಿತು.

ಆಗ ಅವಳು ಕಂಡಳು. ಏಣಿ ಹಿಡಿದಿದ್ದ ಎರಡು ಕೈಗಳಲ್ಲಿ ಒಂದು ಈಗ ಏಣಿಯ ಮೇಲಿರಲಿಲ್ಲ. ಅದು ಪಕ್ಕದ ಗೋಡೆಯ ಮೇಲಿತ್ತು, ಮೇನ್ ಸ್ವಿಚ್ಚಿನ ಕೆಳಗೆ, ಮೇಲಕ್ಕೆ ತಳ್ಳಲು ಅಂಗೈ ಮೇಲಾಗಿ.